ಏಟ್ರಿಯಲ್ ಫಿಬ್ರಿಲೇಶನ್ ಇರುವ ಅಪ್ಪನಿಗೆ ದಿನಾ ಒಂದು ಎಕೋಸ್ಪ್ರಿನ್ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಗಂಗಾವತಿ ಹತ್ತಿರದ ಹಳ್ಳಿಯಲ್ಲಿರುವ ನಿಮ್ಮ ತಂದೆಯವರಿಗೆ 71 ವರ್ಷ. ಬಿಪಿ, ಶುಗರ್ ಎರಡೂ ಇವೆ. ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ) ಕಂಡುಬಂದು, ಡಾಕ್ಟರು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಅಪಿಕ್ಸಾಬ್ಯಾನ್ ಗುಳಿಗೆ ಬರೆದಿದ್ದಾರೆ. ಎಕೋ (ಹೃದಯದ ಸ್ಕ್ಯಾನ್) ಇನ್ನೂ ಆಗಿಲ್ಲ. ನಿಮ್ಮ ಸೋದರಮಾವ ಮಾತ್ರ "ಅದು ಭಾರಿ ಗುಳಿಗಿ, ರಕ್ತ ಸೋರ್ತದ. ನನ್ನಂಗ ದಿನಾ ಒಂದು ಎಕೋಸ್ಪ್ರಿನ್ ತಗೊಂಡ್ರ ಸಾಕು" ಅಂದಿದ್ದಾರೆ. ಯಾರ ಮಾತು ಕೇಳಬೇಕು ಅಂತ ಕೇಳಿದ್ದೀರಿ.

ಡಾಕ್ಟರ ಮಾತು ಕೇಳಿ. ಎಕೋಸ್ಪ್ರಿನ್ ಅಂದರೆ ಆಸ್ಪಿರಿನ್. ನಿಮ್ಮ ತಂದೆಯವರ ಸ್ಥಿತಿಯಲ್ಲಿ ಲಕ್ವಾ ತಡೆಯೋಕೆ ಅದು ಸರಿಯಾದ ಔಷಧ ಅಲ್ಲ. ಅದರಿಂದ ಲಾಭ ಬಹಳ ಕಡಿಮೆ, ರಕ್ತಸ್ರಾವದ ಅಪಾಯ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಾನು ಕೊಪ್ಪಳದಲ್ಲಿ ಫಿಸಿಷಿಯನ್. ಈ ಪ್ರಶ್ನೆ ನನ್ನ ಒಪಿಡಿಗೆ ಪದೇ ಪದೇ ಬರುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಹೃದಯದ ಮೇಲಿನ ಎರಡು ಕೋಣೆಗಳು ತಾಳಕ್ಕೆ ಸರಿಯಾಗಿ ಹಿಂಡುವ ಬದಲು ಸುಮ್ನೆ ನಡುಗುತ್ತಾ ಇರುವುದೇ ಏಟ್ರಿಯಲ್ ಫಿಬ್ರಿಲೇಶನ್. ಎಡಗಡೆ ಕೋಣೆಗೆ ಒಂದು ಸಣ್ಣ ಚೀಲದಂಥ ಮೂಲೆ ಇದೆ. ಕೋಣೆ ಹಿಂಡದೇ ಹೋದಾಗ ಆ ಮೂಲೆಯಲ್ಲಿ ರಕ್ತ ನಿಂತುಬಿಡುತ್ತದೆ. ನಮ್ಮ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟಾಗ ತಳ ಸ್ವಚ್ಛ ಇರುತ್ತದೆ, ನೀರು ನಿಂತ ಕಡೆ ಪಾಚಿ ಕಟ್ಟುತ್ತದೆ ಅಲ್ವಾ? ಹಾಗೇ ಇಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಒಂದು ಚೂರು ಕಿತ್ತುಕೊಂಡು ಮೆದುಳಿನ ರಕ್ತನಾಳಕ್ಕೆ ಹೋಗಿ ಕೂತರೆ ಲಕ್ವಾ. ಈ ಕಾಯಿಲೆ ಇರುವವರಿಗೆ ಲಕ್ವಾದ ಅಪಾಯ ಇಲ್ಲದವರಿಗಿಂತ ಸುಮಾರು 5 ಪಟ್ಟು ಜಾಸ್ತಿ.

ಹಾರ್ಟ್ ಅಟ್ಯಾಕ್‌ನಲ್ಲಿ ನಡೆಯುವುದು ಬೇರೆ. ಅಲ್ಲಿ ರಕ್ತನಾಳದ ಒಳಗಿನ ಕೊಬ್ಬಿನ ಗಂಟು ಒಡೆಯುತ್ತದೆ. ಆ ಗಾಯದ ಮೇಲೆ ರಕ್ತದಲ್ಲಿನ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಮುತ್ತಿಕೊಂಡು ನಾಳ ಮುಚ್ಚಿಬಿಡುತ್ತವೆ. ಆಸ್ಪಿರಿನ್ ಹಿಡಿಯುವುದು ಈ ಪ್ಲೇಟ್‌ಲೆಟ್‌ಗಳನ್ನು. ಅದಕ್ಕೇ ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಬಹಳ ಒಳ್ಳೆಯ ಔಷಧ. ಆದರೆ ನಿಂತ ರಕ್ತದಲ್ಲಿ ಕಟ್ಟುವ ಹೆಪ್ಪಿನಲ್ಲಿ ಪ್ಲೇಟ್‌ಲೆಟ್‌ಗಳದ್ದು ಸಣ್ಣ ಪಾಲು. ಅಲ್ಲಿ ಮುಖ್ಯ ಕೆಲಸ ಮಾಡುವುದು ರಕ್ತದಲ್ಲೇ ಇರುವ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು. ಕೊನೆಗೆ ಫೈಬ್ರಿನ್ ಎಂಬ ನಾರಿನ ಬಲೆ ಹೆಣೆದುಕೊಳ್ಳುತ್ತದೆ. ವಾರ್ಫರಿನ್, ಅಸಿಟ್ರೋಮ್, ಅಪಿಕ್ಸಾಬ್ಯಾನ್, ರಿವರಾಕ್ಸಾಬ್ಯಾನ್, ಡಾಬಿಗಟ್ರಾನ್ ಇವೆಲ್ಲ ತಡೆಯುವುದು ಆ ದಾರಿಯನ್ನು. ಆಸ್ಪಿರಿನ್ ಆ ದಾರಿಗೆ ಹೋಗುವುದೇ ಇಲ್ಲ.

ಇದು ಬರೀ ಲೆಕ್ಕಾಚಾರದ ಮಾತಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. 2007ರಲ್ಲಿ ಇಂಗ್ಲೆಂಡಿನಿಂದ ಬಾಫ್ಟಾ ಎಂಬ ಅಧ್ಯಯನ ಪ್ರಕಟವಾಯಿತು. 75 ದಾಟಿದ 973 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ವಾರ್ಫರಿನ್, ಉಳಿದವರಿಗೆ 75 ಮಿ.ಗ್ರಾಂ ಆಸ್ಪಿರಿನ್ ಕೊಟ್ಟರು. ದೊಡ್ಡ ಲಕ್ವಾ, ಮೆದುಳಿನ ರಕ್ತಸ್ರಾವ ಎಲ್ಲ ಸೇರಿಸಿ ನೋಡಿದಾಗ ಆಸ್ಪಿರಿನ್ ಗುಂಪಿನಲ್ಲಿ ವರ್ಷಕ್ಕೆ ನೂರಕ್ಕೆ 3.8, ವಾರ್ಫರಿನ್ ಗುಂಪಿನಲ್ಲಿ 1.8. ಅರ್ಧಕ್ಕಿಂತ ಕಡಿಮೆ!

ನಿಮಗೆ ಇನ್ನೂ ಹತ್ತಿರದ್ದು 2011ರ ಅವೆರೋಸ್ ಅಧ್ಯಯನ. ವಾರ್ಫರಿನ್ ಕೊಡಲು ಆಗದವರನ್ನೇ ಆರಿಸಿ, ಸುಮಾರು 5,600 ಜನರಲ್ಲಿ ಅಪಿಕ್ಸಾಬ್ಯಾನ್ ಮತ್ತು ಆಸ್ಪಿರಿನ್ ಹೋಲಿಸಿದರು. ಸಾವಿರ ಜನರ ಲೆಕ್ಕದಲ್ಲಿ ಹೇಳುತ್ತೇನೆ. ಆಸ್ಪಿರಿನ್ ತಗೊಂಡವರಲ್ಲಿ ವರ್ಷಕ್ಕೆ 37 ಜನರಿಗೆ ಲಕ್ವಾ ಅಥವಾ ಬೇರೆ ಕಡೆಯ ರಕ್ತನಾಳಕ್ಕೆ ಹೆಪ್ಪು ಹೋಗಿ ಕೂತ ತೊಂದರೆ. ಅಪಿಕ್ಸಾಬ್ಯಾನ್ ತಗೊಂಡವರಲ್ಲಿ 16. ವ್ಯತ್ಯಾಸ ಇಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಈಗ ನಿಮ್ಮ ಮಾವನ ಭಯಕ್ಕೆ ಬರೋಣ. ಅದೇ ಅಧ್ಯಯನದಲ್ಲಿ ದೊಡ್ಡ ರಕ್ತಸ್ರಾವ ಆದದ್ದು ಆಸ್ಪಿರಿನ್‌ನಲ್ಲಿ ಸಾವಿರಕ್ಕೆ 12, ಅಪಿಕ್ಸಾಬ್ಯಾನ್‌ನಲ್ಲಿ 14. ಅಷ್ಟೇ ವ್ಯತ್ಯಾಸ. "ಎಕೋಸ್ಪ್ರಿನ್ ಸಣ್ಣ ಗುಳಿಗಿ, ಏನೂ ಮಾಡಲ್ಲ" ಅನ್ನುವ ನಂಬಿಕೆ ನಮ್ಮ ಭಾಗದಲ್ಲಿ ಎಷ್ಟು ಗಟ್ಟಿ ಅಂದರೆ, ಚೀಟಿ ಇಲ್ಲದೇ ಮೆಡಿಕಲ್ ಶಾಪಿನಲ್ಲಿ ತಗೊಂಡು ನುಂಗುವವರಿದ್ದಾರೆ. ವಯಸ್ಸಾದವರ ಹೊಟ್ಟೆಗೆ ಅದು ಸಣ್ಣ ಗುಳಿಗೆ ಅಲ್ಲ. ಕರಿ ಮಲ ಹೋಗಿ, ಹಿಮೋಗ್ಲೋಬಿನ್ ಇಳಿದು, ಸುಸ್ತಾಗಿ ಬಂದವರ ಚೀಟಿ ತಿರುವಿದರೆ ಅದರಲ್ಲಿ ಆಸ್ಪಿರಿನ್ ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಂದರೆ ನಿಮ್ಮ ತಂದೆ ಅಪಿಕ್ಸಾಬ್ಯಾನ್ ಬಿಟ್ಟು ಆಸ್ಪಿರಿನ್ ತಗೊಂಡರೆ ರಕ್ತಸ್ರಾವದಿಂದ ಪಾರಾಗುವುದಿಲ್ಲ. ಲಕ್ವಾದಿಂದ ಸಿಗುವ ರಕ್ಷಣೆಯನ್ನು ಮಾತ್ರ ಕಳೆದುಕೊಳ್ಳುತ್ತಾರೆ.

ಯಲಬುರ್ಗಾ ಕಡೆಯ ಒಬ್ಬ ನಿವೃತ್ತ ಮೇಷ್ಟ್ರನ್ನು ಮಗ ಕರೆದುಕೊಂಡು ಬಂದಿದ್ದ. ಬೆಳಿಗ್ಗೆ ರೊಟ್ಟಿ ಮುರಿಯಲು ಹೋದರೆ ಬಲಗೈ ಏಳಲಿಲ್ಲ, ಮಾತು ನಿಂತಿತು. ಏಟ್ರಿಯಲ್ ಫಿಬ್ರಿಲೇಶನ್ ಇದೆ ಅಂತ ಗೊತ್ತಾಗಿ ವರ್ಷಗಳೇ ಆಗಿದ್ದವು, ತಗೊಳ್ಳುತ್ತಿದ್ದದ್ದು ಎಕೋಸ್ಪ್ರಿನ್ 75. ಮಗ ಖಾಲಿ ಸ್ಟ್ರಿಪ್‌ಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದ. "ಒಂದಿನಾನೂ ತಪ್ಪಿಸಿಲ್ರೀ ಸರ್" ಅಂದ. ನಿಜವಾಗಿ ಒಂದು ದಿನವೂ ತಪ್ಪಿಸಿರಲಿಲ್ಲ. ಈ ಪ್ರಶ್ನೆಗೆ ನಾನು ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಅಂಥವರೇ ಕಾರಣ.

ಹಾಗಾದರೆ ಆಸ್ಪಿರಿನ್ ಬರೆಯುವ ರೂಢಿ ಎಲ್ಲಿಂದ ಬಂತು? 1991ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ದಿನಕ್ಕೆ 325 ಮಿ.ಗ್ರಾಂ ಆಸ್ಪಿರಿನ್‌ನಿಂದ ಲಾಭ ಕಂಡಿತ್ತು. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ಕಾಣಲಿಲ್ಲ. ಆಗ ಬೇರೆ ದಾರಿ ಅಂದರೆ ವಾರ್ಫರಿನ್ ಒಂದೇ. ಅದಕ್ಕೆ ಮತ್ತೆ ಮತ್ತೆ ರಕ್ತ ಪರೀಕ್ಷೆ ಬೇಕು, ಹಳ್ಳಿಯಿಂದ ಬಂದು ಹೋಗುವವರಿಗೆ ಕಷ್ಟ. ಹಾಗಾಗಿ "ಏನೂ ಇಲ್ಲದ್ದಕ್ಕಿಂತ ಇದಾದರೂ ಇರಲಿ" ಅಂತ ಆಸ್ಪಿರಿನ್ ಉಳಿದುಕೊಂಡಿತು. 2016ರ ಯುರೋಪಿನ ಮಾರ್ಗಸೂಚಿ ಈ ಕೆಲಸಕ್ಕೆ ಆಸ್ಪಿರಿನ್ ಬೇಡ ಅಂತ ನೇರವಾಗಿ ಹೇಳಿತು. 2023ರ ಅಮೆರಿಕದ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ.

ನಿಮ್ಮ ಮಾವನಿಗೆ ಬಳ್ಳಾರಿಯಲ್ಲಿ ಸ್ಟೆಂಟ್ ಹಾಕಿದ್ದಾರೆ ಅಂತ ನೀವೇ ಬರೆದಿದ್ದೀರಿ. ಅವರಿಗೆ ಎಕೋಸ್ಪ್ರಿನ್ ಸರಿಯೇ, ಅವರು ಬಿಡಬಾರದು. ಅವರ ಕಾಯಿಲೆ ಬೇರೆ, ನಿಮ್ಮ ತಂದೆಯದು ಬೇರೆ. ಎರಡೂ ಒಬ್ಬರಿಗೇ ಇದ್ದರೆ ಏನು ಅಂತ ಕೆಲವರು ಕೇಳುತ್ತಾರೆ. ಸ್ಟೆಂಟ್ ಹಾಕಿದ ಮೊದಲ ಕೆಲವು ತಿಂಗಳು ಎರಡು ಬಗೆಯ ಗುಳಿಗೆ ಒಟ್ಟಿಗೆ ಬೇಕಾಗುತ್ತವೆ. ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ, ಹೃದಯ ಸ್ಥಿರವಾಗಿದ್ದರೆ, ಹೆಪ್ಪು ತಡೆಯುವ ಗುಳಿಗೆ ಒಂದೇ ಸಾಕು. ಜಪಾನಿನ ಅಫೈರ್ ಅಧ್ಯಯನ 2019ರಲ್ಲಿ ಇದನ್ನು ತೋರಿಸಿತು: ಒಂದೇ ಗುಳಿಗೆ ತಗೊಂಡವರಲ್ಲಿ ರಕ್ತಸ್ರಾವ ಕಡಿಮೆ, ಸಾವೂ ಕಡಿಮೆ. ಆದರೆ ಯಾವಾಗ ಯಾವುದನ್ನು ನಿಲ್ಲಿಸಬೇಕು ಅನ್ನುವುದನ್ನು ಹೃದಯದ ಡಾಕ್ಟರೇ ಹೇಳಬೇಕು.

ಇಲ್ಲಿ ಒಂದು ವಿಷಯ ಇವತ್ತೇ ನೋಡಿ. ನಿಮ್ಮ ತಂದೆ ಶುಗರ್, ಬಿಪಿಗೆ ತಗೊಳ್ಳುವ ಗುಳಿಗೆಗಳ ಸ್ಟ್ರಿಪ್ ಹಿಂದೆ ತಿರುಗಿಸಿ ಓದಿ. "ಕೊಲೆಸ್ಟ್ರಾಲ್ ಗುಳಿಗೆ" ಅಂತ ತಗೊಳ್ಳುತ್ತಿರುವುದು ಎಕೋಸ್ಪ್ರಿನ್-ಎವಿ ಆಗಿರಬಹುದು. ಅದರಲ್ಲಿ ಅಟೋರ್ವಾಸ್ಟಾಟಿನ್ ಜೊತೆ ಆಸ್ಪಿರಿನ್ ಕೂಡ ಇದೆ. ಅಪಿಕ್ಸಾಬ್ಯಾನ್ ಬರೆದ ಡಾಕ್ಟರಿಗೆ ಇದು ಗೊತ್ತಿಲ್ಲದಿದ್ದರೆ ಎರಡೂ ಒಟ್ಟಿಗೆ ಹೋಗುತ್ತಿರುತ್ತವೆ, ರಕ್ತಸ್ರಾವದ ಅಪಾಯ ಸುಮ್ನೆ ಏರುತ್ತದೆ. ಹಾಗಿದ್ದರೆ ಸ್ಟ್ರಿಪ್ ಹಿಡಿದುಕೊಂಡು ಹೋಗಿ ತೋರಿಸಿ.

ಹೆಪ್ಪು ತಡೆಯುವ ಗುಳಿಗೆ ನಿಜವಾಗಿ ಬೇಕಾ ಅಂತಲೂ ಕೇಳಿದ್ದೀರಿ. ಎಲ್ಲರಿಗೂ ಬೇಕಿಲ್ಲ. 65 ದಾಟದ, ಬಿಪಿ, ಶುಗರ್, ಹಾರ್ಟ್ ಫೇಲ್ಯೂರ್, ಹಳೆಯ ಲಕ್ವಾ, ರಕ್ತನಾಳದ ಕಾಯಿಲೆ ಏನೂ ಇಲ್ಲದ, ವಾಲ್ವ್ ಸರಿ ಇರುವ ವ್ಯಕ್ತಿಗೆ ಸಾಮಾನ್ಯವಾಗಿ ಏನೂ ಬೇಡ. ಅವರಿಗೆ ಆಸ್ಪಿರಿನ್ ಕೂಡ ಬೇಡ. ಡಾಕ್ಟರು ಲೆಕ್ಕ ಹಾಕುವ ಅಂಕ ಪದ್ಧತಿಯಲ್ಲಿ 65ರಿಂದ 74 ವಯಸ್ಸಿಗೆ 1, ಬಿಪಿಗೆ 1, ಶುಗರ್‌ಗೆ 1. ನಿಮ್ಮ ತಂದೆಗೆ 3 ಆಯಿತು. 2 ಆದರೇ ಗುಳಿಗೆ ಶುರು ಮಾಡಬೇಕು ಅನ್ನುತ್ತಾರೆ. ಬಡಿತ ಒಮ್ಮೊಮ್ಮೆ ತಾನಾಗಿಯೇ ಸರಿಹೋಗುತ್ತದೆ, ಮತ್ತೆ ತಪ್ಪುತ್ತದೆ. "ಈಗ ಆರಾಮ ಅದೀನಿ" ಅಂತ ಅವರು ಬಿಡದಂತೆ ನೋಡಿಕೊಳ್ಳಿ.

ಎಕೋ ಬೇಗ ಮಾಡಿಸಿ. ನಮ್ಮ ಕಡೆ ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ವಾಲ್ವ್ ಹಾಳಾದವರು ಇನ್ನೂ ಬಹಳ ಜನ ಇದ್ದಾರೆ, ಅದರಲ್ಲೂ ಹೆಣ್ಣುಮಕ್ಕಳು. ಹೃದಯದ ಎಡಗಡೆಯ ಮೈಟ್ರಲ್ ವಾಲ್ವ್ ತೀರಾ ಕಿರಿದಾಗಿದ್ದರೆ ಅಥವಾ ಲೋಹದ ವಾಲ್ವ್ ಹಾಕಿದ್ದರೆ ಅಪಿಕ್ಸಾಬ್ಯಾನ್ ಅಲ್ಲ, ವಾರ್ಫರಿನ್ ಅಥವಾ ಅಸಿಟ್ರೋಮ್ ಬೇಕು. ರುಮ್ಯಾಟಿಕ್ ಕಾಯಿಲೆಯವರಲ್ಲಿ ರಿವರಾಕ್ಸಾಬ್ಯಾನ್‌ಗಿಂತ ಈ ಹಳೆಯ ಔಷಧವೇ ಮೇಲು ಅಂತ 2022ರ ಇನ್ವಿಕ್ಟಸ್ ಅಧ್ಯಯನದಲ್ಲಿ ಗೊತ್ತಾಯಿತು.

ವಾರ್ಫರಿನ್, ಅಸಿಟ್ರೋಮ್ ತಗೊಳ್ಳುವವರಿಗೆ ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ರಕ್ತ ಪರೀಕ್ಷೆ) ತಪ್ಪದು. ಬಹುತೇಕ ಜನರಿಗೆ 2ರಿಂದ 3ರ ಒಳಗೆ ಇರಬೇಕು. ಸೊಪ್ಪು ತಿನ್ನಬೇಡಿ ಅಂತ ಹೆದರಿಸುವವರಿದ್ದಾರೆ. ಜೋಳದ ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಕಿ ತಿನ್ನದೇ ನಮ್ಮವರು ಇರುತ್ತಾರಾ? ಬಿಡಬೇಕಿಲ್ಲ. ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಆಯಿತು. ಅಪಿಕ್ಸಾಬ್ಯಾನ್‌ಗೆ ಸೊಪ್ಪಿನ ಚಿಂತೆಯೂ ಇಲ್ಲ, ಐಎನ್‌ಆರ್ ಕೂಡ ಬೇಡ. ವರ್ಷಕ್ಕೆ ಒಮ್ಮೆಯಾದರೂ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ನೋಡಿಸಿ, ಶುಗರ್ ಇರುವುದರಿಂದ ಡಾಕ್ಟರು ಇನ್ನೂ ಬೇಗ ಹೇಳಬಹುದು.

ಖರ್ಚಿನ ಮಾತು ನಿಜ. ಎಕೋಸ್ಪ್ರಿನ್‌ಗೂ ಅಪಿಕ್ಸಾಬ್ಯಾನ್‌ಗೂ ಬೆಲೆಯಲ್ಲಿ ಅಜಗಜಾಂತರ. ಆದರೆ ಈಗ ನಮ್ಮ ದೇಶದಲ್ಲೇ ಬೇರೆ ಬೇರೆ ಕಂಪನಿಗಳು ಇದನ್ನು ತಯಾರಿಸುತ್ತವೆ, ಬೆಲೆ ಮೊದಲಿಗಿಂತ ಇಳಿದಿದೆ. ಜೆನೆರಿಕ್ ಕೇಳಿ, ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ತೀರಾ ಆಗದಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಅಸಿಟ್ರೋಮ್ ಬಹಳ ಅಗ್ಗ. ದುಡ್ಡು ಉಳಿಸಲು ಗುಳಿಗೆ ಅರ್ಧ ಮಾಡುವುದು, ಎರಡು ಹೊತ್ತಿನದ್ದನ್ನು ಒಂದೇ ಹೊತ್ತು ತಗೊಳ್ಳುವುದು ಬೇಡವೇ ಬೇಡ. ಅಪಿಕ್ಸಾಬ್ಯಾನ್ ಸಾಮಾನ್ಯವಾಗಿ 5 ಮಿ.ಗ್ರಾಂ ಎರಡು ಹೊತ್ತು. 80 ವಯಸ್ಸು, 60 ಕೆ.ಜಿ.ಗಿಂತ ಹೆಚ್ಚಿಲ್ಲದ ತೂಕ, 1.5 ಮುಟ್ಟಿದ ಕ್ರಿಯಾಟಿನಿನ್, ಈ ಮೂರರಲ್ಲಿ ಎರಡು ಇದ್ದರೆ 2.5ಕ್ಕೆ ಇಳಿಸುತ್ತಾರೆ. ಸುಮ್ನೆ ಭಯಕ್ಕೆ ಇಳಿಸಬಾರದು. ಹುಲಗಿಗೆ, ಗವಿಮಠದ ಜಾತ್ರೆಗೆ ಹೋಗುವಾಗ ಗುಳಿಗೆ ಜೇಬಿನಲ್ಲಿರಲಿ. ಒಂದೆರಡು ಹೊತ್ತು ತಪ್ಪಿದರೂ ರಕ್ಷಣೆ ಹೋಗುತ್ತದೆ. ಮುಂದೆ ರಿವರಾಕ್ಸಾಬ್ಯಾನ್‌ಗೆ ಬದಲಿಸಿದರೆ ಅದನ್ನು ಊಟದ ಜೊತೆಗೇ ತಗೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಪೂರ್ತಿ ಮೈಗೆ ಹತ್ತುವುದಿಲ್ಲ. ಶ್ರಾವಣದ ಉಪವಾಸ ಮಾಡುವವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ನನಗೆ ಇದೆಲ್ಲಕ್ಕಿಂತ ಹೆಚ್ಚು ಚಿಂತೆ ಮೊಣಕಾಲು ನೋವಿನ ಇಂಜೆಕ್ಷನ್‌ನದ್ದು. ಭತ್ತದ ಗದ್ದೆಯಲ್ಲಿ ದುಡಿದ ಕಾಲುಗಳು, ನೋವು ಇದ್ದೇ ಇರುತ್ತದೆ. ಊರಲ್ಲಿ ಯಾರೋ ಡೈಕ್ಲೊಫಿನಾಕ್ ಚುಚ್ಚುತ್ತಾರೆ. ಹೆಪ್ಪು ತಡೆಯುವ ಗುಳಿಗೆ ತಗೊಳ್ಳುವವರಿಗೆ ಚುಚ್ಚಿದ ಜಾಗದಲ್ಲಿ ಒಳಗೇ ರಕ್ತ ಸೋರಿ, ಕುಂಡಿ ಅಂಗೈ ಅಗಲ ಕರಿನೀಲಿ ಕಟ್ಟಿ, ಕೂರಲೂ ಆಗದೇ ಬರುತ್ತಾರೆ. ನೋವಿನ ಗುಳಿಗೆಯಿಂದ ಹೊಟ್ಟೆಯಲ್ಲೂ ರಕ್ತಸ್ರಾವ ಆಗಬಹುದು. ಆಗ ಬೈಗುಳ ಬೀಳುವುದು ಅಪಿಕ್ಸಾಬ್ಯಾನ್ ಮೇಲೆ! ನೋವಿಗೆ ಪ್ಯಾರಾಸಿಟಮಾಲ್ ಸಾಕು, ಆಗದಿದ್ದರೆ ಡಾಕ್ಟರನ್ನು ಕೇಳಿ. ಬಿಪಿ ಹತೋಟಿಯಲ್ಲಿರಲಿ, ಕುಡಿತ ಇದ್ದರೆ ಬಿಡಿಸಿ. ರಕ್ತಸ್ರಾವ ನಿಜವಾಗಿ ಕಡಿಮೆ ಆಗುವುದು ಇವುಗಳಿಂದ.

ಕರಿ ಮಲ, ನಿಲ್ಲದ ಮೂಗಿನ ರಕ್ತ, ತಲೆಗೆ ಪೆಟ್ಟು ಆದರೆ ಆಸ್ಪತ್ರೆಗೆ ಹೋಗಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ತಾಸು. ಹೋದ ಕೂಡಲೇ ಅಪಿಕ್ಸಾಬ್ಯಾನ್ ತಗೊಳ್ಳುತ್ತಾರೆ, ಕೊನೆಯ ಗುಳಿಗೆ ಇಷ್ಟು ಹೊತ್ತಿಗೆ ಅಂತ ಹೇಳಿ. ಅದರ ಮೇಲೆ ಚಿಕಿತ್ಸೆ ಬದಲಾಗುತ್ತದೆ. ಹಲ್ಲು ಕೀಳಿಸುವ ಮೊದಲೂ ಹೇಳಿ, ತಾವಾಗೇ ನಿಲ್ಲಿಸಬೇಡಿ.

ನಿಮ್ಮ ತಂದೆಯವರನ್ನು ನಾನು ನೋಡಿಲ್ಲ, ಕೊನೆಯ ಮಾತು ಅವರ ಡಾಕ್ಟರದ್ದೇ. ಎಕೋ ಆದ ಮೇಲೆ ರಿಪೋರ್ಟಿನಲ್ಲಿ ಮೈಟ್ರಲ್ ವಾಲ್ವ್ ಬಗ್ಗೆ ಏನು ಬರೆದಿದ್ದಾರೆ, ಕ್ರಿಯಾಟಿನಿನ್ ಎಷ್ಟು, ತೂಕ ಎಷ್ಟು ಅಂತ ಇಲ್ಲೇ ಕೆಳಗೆ ಬರೆಯಿರಿ. ಹೆಸರು ಹಾಕಬೇಡಿ. ನೋಡಿ ಉತ್ತರಿಸುತ್ತೇನೆ.