ಹಳೆಯ ಔಟ್‌ಲುಕ್‌ನ ಮೇಲ್‌ಗಳನ್ನು ಕಳೆದುಕೊಳ್ಳದೆ ಹೊಸ ಕಂಪ್ಯೂಟರಿಗೆ ಹೋಗುವುದು ಹೇಗೆ?

ವಿಂಡೋಸ್ 7ರಲ್ಲಿ ಔಟ್‌ಲುಕ್ 2007 ಇದೆ, ಹೊಸ ಕಂಪ್ಯೂಟರ್ ಬರಲಿದೆ, ಇನ್ನು ಮುಂದೆ ಹೊಸ ಔಟ್‌ಲುಕ್ ಲೇಸೋ ಥಂಡರ್‌ಬರ್ಡ್ ಎಂಬ ಇನ್ನೊಂದು ಮೇಲ್ ತಂತ್ರಾಂಶ ಲೇಸೋ ಎಂದು ಕೇಳಿದ್ದೀರಿ. ಆ ಪ್ರಶ್ನೆಯನ್ನು ಸದ್ಯ ಬದಿಗಿಡಿ. ಬ್ಯಾಡಗಿಯ ನಮ್ಮ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿಯೂ ಯಾವ ತಂತ್ರಾಂಶ ಹಾಕಿಸಬೇಕೆಂಬ ಚರ್ಚೆಯೇ ದೊಡ್ಡದಾಯಿತು, ಮೇಲ್‌ಗಳು ಎಲ್ಲಿವೆ ಎಂದು ಯಾರೂ ಕೇಳಲಿಲ್ಲ.

2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿದ ಮೇಲೆ, ವಿಂಡೋಸ್ 7 ಹಾಕಿಸಲು ನನ್ನ ಸೋದರಮಾವ ಹುಬ್ಬಳ್ಳಿಯಿಂದ ಒಬ್ಬ ಹುಡುಗನನ್ನು ಕರೆಸಿದರು. ಅಂಗಡಿಯ ಲೆಕ್ಕಪತ್ರ ನನ್ನ ಕೈಯಲ್ಲಿತ್ತು. “ಏನೇನು ಉಳಿಸಬೇಕು ಸರ್?” ಎಂದ. “ಮೈ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಟ್ಯಾಲಿ” ಎಂದೆ. ಅಷ್ಟನ್ನೂ ಚಾಚೂ ತಪ್ಪದೆ ನಕಲು ಮಾಡಿಕೊಂಡು ಡಿಸ್ಕ್ ಫಾರ್ಮ್ಯಾಟ್ ಮಾಡಿದ.

ನಾವು ಬಳಸುತ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ ಮೇಲ್‌ಗಳನ್ನು ಮೈ ಡಾಕ್ಯುಮೆಂಟ್ಸ್‌ನಲ್ಲಿ ಇಡುತ್ತಲೇ ಇರಲಿಲ್ಲ. ‘ಲೋಕಲ್ ಸೆಟ್ಟಿಂಗ್ಸ್’ ಎಂಬ ಕಣ್ಣಿಗೆ ಕಾಣದಂತೆ ಅಡಗಿಸಿಟ್ಟ ಫೋಲ್ಡರ್, ಅದರೊಳಗೆ ‘ಅಪ್ಲಿಕೇಶನ್ ಡೇಟಾ’, ಅದರೊಳಗೆ ‘ಐಡೆಂಟಿಟೀಸ್’, ಅದರೊಳಗೆ ಪುಷ್ಪಾವರಣದ ನಡುವೆ ಅಂಕಿ ಅಕ್ಷರ ಬೆರೆತ ಮಾರುದ್ದದ ಹೆಸರಿನ ಇನ್ನೊಂದು. ಇನ್ನೂ ಒಳಗೆ ಹೋದರೆ ಇನ್‌ಬಾಕ್ಸಿಗೆ ಒಂದು, ಕಳುಹಿಸಿದವುಗಳಿಗೆ ಒಂದು, ಹೀಗೆ ಡಿಬಿಎಕ್ಸ್ ಕಡತಗಳು. ಡಾಕ್ಯುಮೆಂಟ್ಸ್ ಉಳಿದರೆ ಎಲ್ಲವೂ ಉಳಿದಂತೆ ಎಂದು ನಾನು ನಂಬಿದ್ದೇ ತಪ್ಪು. ಸರ್ವರ್‌ನಲ್ಲಾದರೂ ಇರಬೇಕಲ್ಲ ಎನ್ನುತ್ತೀರಿ. ನಮ್ಮದು ಪಾಪ್ ಖಾತೆ, ಅಂದರೆ ಮೇಲ್‌ಗಳನ್ನು ಸರ್ವರ್‌ನಿಂದ ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳುವ ಬಗೆಯದು. ಪ್ರತಿಯನ್ನು ಸರ್ವರ್‌ನಲ್ಲಿಯೂ ಉಳಿಸಬೇಕೆಂಬ ಆಯ್ಕೆಗೆ ಗುರುತು ಹಾಕಿರಲಿಲ್ಲವಾದ್ದರಿಂದ, ಮೇಲ್ ನಮ್ಮ ಯಂತ್ರಕ್ಕೆ ಇಳಿದೊಡನೆ ಅಲ್ಲಿ ಅಳಿಸಿಹೋಗುತ್ತಿತ್ತು. ಇದ್ದ ಒಂದೇ ಪ್ರತಿಯನ್ನು ನಾವೇ ಅಳಿಸಿದ್ದೆವು.

ಅದರ ಬೆಲೆ ತೆರುವ ಹೊತ್ತು ಬೇಗನೆ ಬಂತು. ಶೀತಲಗೃಹದಿಂದ ಹೋದ ‘ಡಬ್ಬಿ’ ತಳಿಯ ಮೆಣಸಿನಕಾಯಿಯ ಬಣ್ಣ ಕಡಿಮೆಯಿದೆ ಎಂದು ಕೊಚ್ಚಿಯ ಖರೀದಿದಾರರೊಬ್ಬರು ತಕರಾರು ತೆಗೆದರು. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಬಣ್ಣದಿಂದ, ದಾಸ್ತಾನು ಹಳತಾದಷ್ಟೂ ಅದು ಇಳಿಯುತ್ತದೆ. ಬಣ್ಣವನ್ನು ಅಳೆಯುವ ಮಾನ ಆಸ್ಟಾ, ಅದು ಎಷ್ಟಿದ್ದರೆ ಸಾಕು ಎಂದು ಅವರೇ ಒಪ್ಪಿ ಮೇಲ್ ಬರೆದಿದ್ದರು. ತೋರಿಸಲು ಆ ಮೇಲ್ ಎಲ್ಲಿತ್ತು? ಮಾವ ಮಾತಾಡದೆ ದರ ಇಳಿಸಿಕೊಟ್ಟರು.

ಆದ್ದರಿಂದ ಹೇಳುತ್ತೇನೆ, ಮೇಲ್‌ಗಳನ್ನು ತಂತ್ರಾಂಶದ ಭರವಸೆಯ ಮೇಲೆ ಬಿಡಬೇಡಿ. ಔಟ್‌ಲುಕ್ ಎಕ್ಸ್‌ಪ್ರೆಸ್ ಹೋಯಿತು. ಅದರ ನಂತರ ನಾವು ಹಾಕಿಸಿದ ವಿಂಡೋಸ್ ಲೈವ್ ಮೇಲ್‌ಗೂ 2017ರ ಜನವರಿಯಲ್ಲಿ ಬೆಂಬಲ ನಿಂತಿತು. ನಿಮ್ಮ ಔಟ್‌ಲುಕ್ ಮೇಲ್‌ಗಳನ್ನು ಇಡುವ ಪಿಎಸ್‌ಟಿ ಕಡತವೂ ಬಹುಶಃ ‘ಆಪ್‌ಡೇಟಾ’ ಎಂಬ ಅಡಗಿದ ಫೋಲ್ಡರಿನಲ್ಲಿ, ‘ಲೋಕಲ್’, ‘ಮೈಕ್ರೋಸಾಫ್ಟ್’, ‘ಔಟ್‌ಲುಕ್’ ದಾಟಿದ ಮೇಲೆ ಸಿಗುತ್ತದೆ. ಔಟ್‌ಲುಕ್ ಮುಚ್ಚಿ, ಅದನ್ನು ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ನಕಲು ಮಾಡಿ.

ಆಮೇಲೆ ಥಂಡರ್‌ಬರ್ಡ್ ಹಾಕಿ, ಆದರೆ ಹೊಸ ಯಂತ್ರದಲ್ಲಲ್ಲ, ಹಳೆಯದರಲ್ಲಿ. ಔಟ್‌ಲುಕ್‌ನಿಂದ ಮೇಲ್ ಎಳೆದುಕೊಳ್ಳಲು, ಅಂದರೆ ಆಮದು ಮಾಡಿಕೊಳ್ಳಲು, ಅದೇ ಯಂತ್ರದಲ್ಲಿ ಔಟ್‌ಲುಕ್ ಜೀವಂತವಾಗಿರಬೇಕು. ವಿಂಡೋಸ್ 7ರಲ್ಲಿ ಓಡುವ ಥಂಡರ್‌ಬರ್ಡ್‌ನ ಕೊನೆಯ ಆವೃತ್ತಿ 115. ಎಳೆದುಕೊಂಡ ಮೇಲ್‌ಗಳು ಎಂಬಾಕ್ಸ್ ರೂಪದಲ್ಲಿರುತ್ತವೆ. ಅದು ಬರಿಯ ಪಠ್ಯ. ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಯಾರಿಂದ ಬಂತು, ಯಾವ ದಿನ, ವಿಷಯವೇನು ಎಂಬುದು ಸಾಲುಸಾಲಾಗಿ ಕಾಣುತ್ತದೆ. ಥಂಡರ್‌ಬರ್ಡ್ ಈ ಮೇಲ್‌ಗಳನ್ನು ಇಡುವ ಪ್ರೊಫೈಲ್ ಫೋಲ್ಡರನ್ನು ಹೊಸ ಯಂತ್ರಕ್ಕೆ ಒಯ್ಯಿರಿ. ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ಪ್ರೊಫೈಲನ್ನು ಹಳೆಯ ಆವೃತ್ತಿ ಮತ್ತೆ ತೆರೆಯಲು ಒಪ್ಪುವುದಿಲ್ಲ, ಹಾಗಾಗಿ ಮುಟ್ಟದ ಪ್ರತಿಯೊಂದು ಬೇರೆಯೇ ಇರಲಿ.

ಆಮದು ಯಶಸ್ವಿಯಾಯಿತು ಎಂಬ ಸಂದೇಶವನ್ನು ನಂಬಿ ಹಳೆಯ ಸಿಪಿಯು ಗುಜರಿಗೆ ಹಾಕಬೇಡಿ. ಅತ್ಯಂತ ಹಳೆಯ ವರ್ಷದ ಒಂದಷ್ಟು ಲಗತ್ತುಗಳನ್ನು ಹೊಸ ಯಂತ್ರದಲ್ಲಿ ತೆರೆದು ನೋಡಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬರೆದ ಕನ್ನಡ ಕಡತಗಳಿದ್ದರೆ ಆ ಫಾಂಟ್‌ಗಳನ್ನೂ ಅದೇ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಅವಿಲ್ಲದಿದ್ದರೆ ಕಡತ ತೆರೆದರೂ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳೇ ಕಾಣುತ್ತವೆ.