ರುಚಿ-ಸಂದೇಹ: ರೋಟ್‌ಗಿಪ್‌ಫ್ಲರ್ ಜೊತೆಗೆ ಏನು ಬಡಿಸಬೇಕು?

ಪ್ರಶ್ನೆ: ಉದ್ಯೋಗನಿಮಿತ್ತ ವಿಯೆನ್ನಾದಲ್ಲಿ ನೆಲೆಸಿದ್ದೇವೆ. ಸಹೋದ್ಯೋಗಿಯೊಬ್ಬರು ಗುಂಪೋಲ್ಡ್ಸ್‌ಕಿರ್ಖೆನ್ ಊರಿನ ‘ರೋಟ್‌ಗಿಪ್‌ಫ್ಲರ್’ ಎಂಬ ಬಿಳಿ ವೈನ್ ಕೊಟ್ಟಿದ್ದಾರೆ. ಎಲ್ಲೆಡೆ ಸಿಗುವ ಗ್ರೂನರ್ ವೆಲ್ಟ್‌ಲೀನರ್‌ನಂತೆ ಇದನ್ನೂ ಚೆನ್ನಾಗಿ ತಣ್ಣಗೆ ಮಾಡಿ ಕುಡಿಯಬೇಕೆ? ಅವರನ್ನು ಊಟಕ್ಕೆ ಕರೆದಿದ್ದೇವೆ, ನಮ್ಮದು ಸಸ್ಯಾಹಾರಿ ಮನೆ. ಏನು ಮಾಡಿ ಬಡಿಸಬಹುದು?

ಉತ್ತರ: ನಿಮ್ಮ ಸಹೋದ್ಯೋಗಿ ಅಪರೂಪದ ಬಾಟಲಿಯನ್ನೇ ಆರಿಸಿದ್ದಾರೆ. ಆಸ್ಟ್ರಿಯಾದ ದ್ರಾಕ್ಷಿತೋಟಗಳಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಗ್ರೂನರ್ ವೆಲ್ಟ್‌ಲೀನರ್ ಒಂದೇ ಆಕ್ರಮಿಸಿಕೊಂಡಿದ್ದರೆ, ರೋಟ್‌ಗಿಪ್‌ಫ್ಲರ್ ಇರುವುದು ನೂರು ಹೆಕ್ಟೇರಿನ ಆಸುಪಾಸಿನಲ್ಲಿ, ಅದೂ ಬಹುಪಾಲು ವಿಯೆನ್ನಾದ ದಕ್ಷಿಣಕ್ಕಿರುವ ಥರ್ಮೆನ್‌ರೆಗಿಯೋನ್ ಪ್ರದೇಶದಲ್ಲಿ. ಟ್ರಮೀನರ್ ಮತ್ತು ರೋಟರ್ ವೆಲ್ಟ್‌ಲೀನರ್ ತಳಿಗಳ ಸಹಜ ಸಂಕರದಿಂದ ಹುಟ್ಟಿದ ಈ ಬಳ್ಳಿಯ ಚಿಗುರಿನ ತುದಿ ಕಂಚಿನ ಬಣ್ಣದ್ದಾದರೂ ಹಣ್ಣು ಬಿಳಿಯದೇ. ಆನಿಂಗರ್ ಬೆಟ್ಟದ ಬುಡದ ಸುಣ್ಣಕಲ್ಲಿನ ಇಳಿಜಾರಿನಲ್ಲಿ, ಪೂರ್ವದ ಬಯಲಿನಿಂದ ಬರುವ ಬೆಚ್ಚನೆಯ ಹವೆಗೆ ಅದು ಚೆನ್ನಾಗಿ ಮಾಗುತ್ತದೆ. ಆದ್ದರಿಂದಲೇ ವೈನ್ ಮೈತುಂಬಿಕೊಂಡಿರುತ್ತದೆ ಮತ್ತು ಆಲ್ಕೋಹಾಲ್ ಹಲವು ಬಾರಿ ಶೇ. 13ನ್ನು ದಾಟುತ್ತದೆ. ಗ್ರೂನರ್ ನೀರು ಮಜ್ಜಿಗೆಯಾದರೆ ಇದು ಕೆನೆಮೊಸರು.

ಆದಕಾರಣ ಅತಿಯಾಗಿ ತಣ್ಣಗೆ ಮಾಡುವುದು ಬೇಡ. ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿದರೆ ಘಮವೆಲ್ಲ ಮುದುಡಿಕೊಳ್ಳುತ್ತದೆ. ಅರ್ಧ ಗಂಟೆ ಹೊರಗಿಟ್ಟು, 10ರಿಂದ 12 ಡಿಗ್ರಿಯಲ್ಲಿ, ತುಸು ಅಗಲ ಹೊಟ್ಟೆಯ ಗ್ಲಾಸಿಗೆ ಮೂರನೆಯ ಒಂದು ಭಾಗ ಮಾತ್ರ ಹಾಕಿ. ಮೊದಲು ಮಾಗಿದ ಪೇರು, ಕರಬೂಜದ ವಾಸನೆ ಬರುತ್ತದೆ, ಗ್ಲಾಸನ್ನು ಒಮ್ಮೆ ತಿರುಗಿಸಿದ ಮೇಲೆ ಬಾದಾಮಿಯಂಥ ಒಂದು ಎಳೆ ಸಿಗಬಹುದು. ಗುಟುಕನ್ನು ನುಂಗುವ ಮುನ್ನ ನಾಲಿಗೆಯ ಮೇಲೆ ಒಂದು ಸುತ್ತು ಹೊರಳಿಸಿದರೆ, ಹುಳಿಗಿಂತ ಎಣ್ಣೆಯಂಥ ನುಣುಪು ಮುಂದಾಗಿರುವುದು ಗೊತ್ತಾಗುತ್ತದೆ.

ಊಟದ ಆಯ್ಕೆಗೆ ಈ ನುಣುಪೇ ಆಧಾರ. ಸ್ಥಳೀಯರು ಇದನ್ನು ಕರಿದ ಕೋಳಿ, ಕರುವಿನ ಮಾಂಸದ ಜೊತೆ ಕುಡಿಯುತ್ತಾರೆ. ನಿಮ್ಮ ಮನೆಗೆ, ಬೇಸಿಗೆಯಾದರೆ, ಮಾರುಕಟ್ಟೆಗೆ ಬರುವ ಹಳದಿ ಐಯರ್‌ಶ್ವಾಮರ್ಲ್ ಅಣಬೆಯನ್ನು ಬೆಣ್ಣೆಯಲ್ಲಿ ಹುರಿದು ಕೆನೆ ಸೇರಿಸಿ ಬ್ರೆಡ್ಡಿನ ಉಂಡೆಯೊಂದಿಗೆ ಬಡಿಸುವುದಕ್ಕಿಂತ ಒಳ್ಳೆಯದು ನನಗೆ ತೋಚುತ್ತಿಲ್ಲ. ನಮ್ಮ ಅಡುಗೆಯೇ ಬೇಕೆಂದರೆ ತೆಂಗಿನಹಾಲು, ಗೋಡಂಬಿ ಹಾಕಿದ ಸಾಗು ಆದೀತು. ಆದರೆ ಹುಣಸೆಯ ಗೊಜ್ಜು, ನಿಂಬೆ ಚಿತ್ರಾನ್ನ ಬೇಡ, ಏಕೆಂದರೆ ತಟ್ಟೆಯ ಹುಳಿ ಹೆಚ್ಚಿದಷ್ಟೂ ಈ ವೈನ್ ಸಪ್ಪೆಯಾಗುತ್ತದೆ. ಹಸಿಮೆಣಸನ್ನೂ ಹಿಡಿತದಲ್ಲಿಡಿ, ಆಲ್ಕೋಹಾಲ್ ಖಾರವನ್ನು ಕೆರಳಿಸುತ್ತದೆ. ಉಪ್ಪಿನಕಾಯಿಯ ಜಾಡಿ ಅಂದು ಕಪಾಟಿನಲ್ಲೇ ಇರಲಿ.

ಪ್ರಶ್ನೆ: ಅದೇ ಊರಿನ ಹೊಯ್ರಿಗರ್ ಒಂದರಲ್ಲಿ, ಅಂದರೆ ಬೆಳೆಗಾರರೇ ನಡೆಸುವ ವೈನ್ ಅಂಗಳದಲ್ಲಿ, ಕುಡಿದ ‘ಶ್ಪೇಟ್‌ರೋಟ್-ರೋಟ್‌ಗಿಪ್‌ಫ್ಲರ್’ ಸಿಹಿಯಾಗಿತ್ತು. ಅದು ಬೇರೆ ವೈನೇ?

ಉತ್ತರ: ಅದು ಎರಡು ತಳಿಗಳ ಮಿಶ್ರಣ. ಶ್ಪೇಟ್‌ರೋಟ್ ಎಂದರೆ ತ್ಸೀರ್‌ಫಾಂಡ್ಲರ್ ತಳಿ. ಅದರ ಚುರುಕು ಹುಳಿ ರೋಟ್‌ಗಿಪ್‌ಫ್ಲರ್‌ನ ತೂಕವನ್ನು ಹಗುರಗೊಳಿಸುತ್ತದೆ. ಗುಂಪೋಲ್ಡ್ಸ್‌ಕಿರ್ಖೆನ್ ಹಿಂದೆ ಹೆಸರು ಮಾಡಿದ್ದೇ ಸಿಹಿ ವೈನ್‌ಗಳಿಂದ. 1985ರಲ್ಲಿ ಆಸ್ಟ್ರಿಯಾದ ಕೆಲವು ವೈನ್‌ಗಳಲ್ಲಿ ಹೆಚ್ಚು ಸಿಹಿಯೆನಿಸಲೆಂದು ಡೈಇಥೈಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಬೆರೆಸಿದ್ದು ಬಯಲಾದ ಮೇಲೆ ಕಾನೂನು ಬಿಗಿಯಾಯಿತು, ದೇಶದ ಒಲವೂ ಸಿಹಿಯಿಲ್ಲದ ವೈನ್‌ನತ್ತ ತಿರುಗಿತು. ಈಗ ಎರಡೂ ಬಗೆ ಸಿಗುವುದರಿಂದ ಲೇಬಲ್ ಓದಿಯೇ ಕೊಳ್ಳಿ: ‘ಟ್ರೊಕೆನ್’ ಎಂದಿದ್ದರೆ ಸಿಹಿಯಿಲ್ಲ, ‘ಲೀಬ್ಲಿಖ್’ ಎಂದಿದ್ದರೆ ಸಿಹಿ ಸ್ಪಷ್ಟವಾಗಿಯೇ ಇರುತ್ತದೆ. ಎರಡನೆಯದು ಕೈಗೆ ಬಂದರೆ ಊಟದ ಕೊನೆಗೆ ಉಪ್ಪುಪ್ಪಾದ ನೀಲಿ ಚೀಸ್‌ನೊಂದಿಗೆ ಕೊಡಿ.