ಮುಳುಗಿದ ಮನೆಗೆ ಹೊರಡುವ ಅತ್ತೆ, ರಾತ್ರಿ ಸಿನಿಮಾ ನೋಡುವ ಸೊಸೆ

ಪ್ರಶ್ನೆ: ನಾವು ಬಾಗಲಕೋಟೆಯ ನವನಗರದವರು. ಅತ್ತೆಗೆ 74 ವರ್ಷ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಅಂತ ಡಾಕ್ಟರ್ ಹೇಳಿ ಎರಡು ವರ್ಷವಾಯ್ತು. ಅವರನ್ನು ನೋಡಿಕೊಳ್ಳಲು ಶಾಲೆಯ ಕೆಲಸ ಬಿಟ್ಟೆ. ಸಂಜೆಯಾದರೆ ಸಾಕು, ಸೀರೆಗಳನ್ನು ಗಂಟು ಕಟ್ಟಿಕೊಂಡು ‘ನನ್ನ ಮನಿಗೆ ಹೋಗ್ತೀನಿ, ಬಾಗಲಾ ತಗಿ’ ಅಂತ ನಿಲ್ತಾರೆ. ಆ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಗಿದೆ. ಹಾಗಂದರೆ ಅಳ್ತಾರೆ. ಮರುದಿನ ಮತ್ತೆ ಅದೇ. ಮೊನ್ನೆ ಸಿಟ್ಟು ತಡೆಯಲಾಗದೆ ರಟ್ಟೆ ಹಿಡಿದು ಎಳೆದು ಕೂರಿಸಿದೆ. ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಇಂಥದೇ ಕಥೆಯ ಸಿನಿಮಾ ಹುಡುಕಿ ನೋಡುತ್ತೇನೆ, ಅತ್ತು ಹಗುರಾಗುತ್ತೇನೆ. ‘ಮನೆಯಲ್ಲಿ ಇಂಥ ಪರಿಸ್ಥಿತಿ, ನಿನಗೆ ಸಿನಿಮಾ ಬೇಕಾ?’ ಅಂತಾರೆ ಗಂಡ. ನಾನು ಮಾಡ್ತಿರೋದು ತಪ್ಪಾ?
– ಹೆಸರು ಬೇಡ, ಬಾಗಲಕೋಟೆ

ಉತ್ತರ: ತಪ್ಪಲ್ಲ ತಂಗಿ. ದಿನವಿಡೀ ಇನ್ನೊಬ್ಬರ ಊಟ, ಸ್ನಾನ, ಮಾತ್ರೆ ಅಂತ ಓಡಾಡಿದವರಿಗೆ ತಮ್ಮದು ಅನ್ನುವ ಸ್ವಲ್ಪ ಹೊತ್ತು ಬೇಕೇ ಬೇಕು. ಆದರೆ ನಿದ್ದೆಗೆಟ್ಟು, ಒಬ್ಬರೇ, ಕದ್ದು ನೋಡುತ್ತಿದ್ದೀರಲ್ಲ, ನನಗೆ ಅದರದ್ದೇ ಚಿಂತೆ. ಈ ಸಿನಿಮಾಗಳನ್ನು ನಿಮಗಿಂತ ಜಾಸ್ತಿ ನಿಮ್ಮ ಗಂಡ ನೋಡಬೇಕು.

ಮೊದಲು ಸಂಜೆಯ ಮಾತು. 2020ರ ‘ದಿ ಫಾದರ್’ ನೋಡಿದ್ದೀರಾ? ಆಂಥೋನಿ ಹಾಪ್‌ಕಿನ್ಸ್‌ಗೆ ಆಸ್ಕರ್ ಬಂದ ಸಿನಿಮಾ. ಅದರಲ್ಲಿ ಮರೆವು ಹತ್ತಿದ ಅಪ್ಪನನ್ನು ನಾವು ಹೊರಗೆ ನಿಂತು ನೋಡುವುದಿಲ್ಲ, ಅವನ ತಲೆಯೊಳಗೇ ಇರುತ್ತೇವೆ. ಮನೆಯ ಸಾಮಾನು ಬದಲಾಗಿರುತ್ತದೆ. ಮಗಳು ಅಂತ ಬಂದವಳ ಮುಖ ಬೇರೆ. ಯಾವುದು ನಿಜ ಅಂತ ನಮಗೇ ತಿಳಿಯುವುದಿಲ್ಲ. ನಿಮ್ಮ ಅತ್ತೆಯ ಪಾಡೂ ಇದೇ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇತ್ತೀಚಿನ ನೆನಪು ಮೊದಲು ಹೋಗುತ್ತದೆ, ಹಳೆಯದು ಉಳಿಯುತ್ತದೆ. ನವನಗರದ ಮನೆ ಅವರಿಗೆ ಯಾರದೋ ಮನೆ. ಹೊತ್ತು ಮುಳುಗುವಾಗ ಕಳವಳ ಹೆಚ್ಚಾಗುವುದೂ ಇದರಲ್ಲಿ ಇದ್ದದ್ದೇ. ‘ಆ ಮನೆ ಮುಳುಗಿತು’ ಅಂತ ನೀವು ಹೇಳಿದಾಗಲೆಲ್ಲ ಅವರು ಅದನ್ನು ಮೊದಲ ಸಲ ಕೇಳುತ್ತಿದ್ದಾರೆ. ಪ್ರತಿ ಸಂಜೆ ಅವರ ಮನೆ ಹೊಸದಾಗಿ ಮುಳುಗುತ್ತದೆ.

ಹಾಗಾಗಿ ತಿದ್ದಬೇಡಿ. ಆ ಮನೆಯ ಬಗ್ಗೆ ಕೇಳಿ. ಒಲೆ ಎಲ್ಲಿತ್ತು, ಓಣಿಯಲ್ಲಿ ಯಾರ್‍ಯಾರಿದ್ದರು, ರೊಟ್ಟಿ ಬಡಿಯಲು ಯಾರು ಕೂರುತ್ತಿದ್ದರು? ‘ಚಹಾ ಕುಡಿದು ಹೋಗೂಣಂತ ಬರ್ರಿ’ ಅನ್ನಿ. ಸುಳ್ಳು ಹೇಳಿದೆ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕತ್ತಲಾಗುವ ಮುಂಚೆಯೇ ಎಲ್ಲ ಕಡೆ ಲೈಟ್ ಹಾಕಿ. ಗದ್ದಲ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕು, ಮಲಬದ್ಧತೆ, ಹೇಳಿಕೊಳ್ಳಲಾಗದ ನೋವು ಇದ್ದರೂ ಹಾಗಾಗುತ್ತದೆ.

ನಿಮಗೆ ಮರಾಠಿ ತಿಳಿಯುತ್ತದಾದರೆ ‘ಅಸ್ತು’ ನೋಡಿ. ಮರೆವು ಬಂದ ಸಂಸ್ಕೃತ ಪಂಡಿತರೊಬ್ಬರು ದಾರಿಯಲ್ಲಿ ಆನೆ ಕಂಡು ಅದರ ಹಿಂದೆಯೇ ಹೊರಟುಬಿಡುತ್ತಾರೆ. ಆ ಪಾತ್ರ ಮಾಡಿದ ಮೋಹನ್ ಆಗಾಶೆ ಸ್ವತಃ ಮನೋವೈದ್ಯರು. ಮಗಳು ಊರೆಲ್ಲ ಹುಡುಕುತ್ತಿದ್ದರೆ, ಇಲ್ಲಿ ಆನೆಯವನ ಹೆಂಡತಿ ಚನ್ನಮ್ಮ ಆ ಹಿರಿಯರನ್ನು ಮಗುವಿನಂತೆ ಸಂಭಾಳಿಸುತ್ತಾಳೆ. ಈ ಪಾತ್ರಕ್ಕೆ ಅಮೃತಾ ಸುಭಾಷ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಚನ್ನಮ್ಮನನ್ನು ನೋಡಿ ಕಲಿಯಿರಿ, ಆದರೆ ಅವಳ ಜೊತೆ ನಿಮ್ಮನ್ನು ಹೋಲಿಸಿಕೊಂಡು ಕೊರಗಬೇಡಿ. ಅವಳಿಗೆ ಅವರು ದಾರಿಯಲ್ಲಿ ಸಿಕ್ಕ ಅಜ್ಜ. ನಿಮಗೆ ಅತ್ತೆ, ಹಿಂದಿನ ಮಾತು, ಮುನಿಸು ಎಲ್ಲ ಇರುತ್ತವೆ. ಅವಳು ನೋಡಿಕೊಂಡದ್ದು ಸ್ವಲ್ಪ ಹೊತ್ತು, ನೀವು ಎರಡು ವರ್ಷ.

ಫ್ರೆಂಚ್ ಭಾಷೆಯ ‘ಅಮೂರ್’ ಮಾತ್ರ ಸದ್ಯಕ್ಕೆ ಬೇಡ. ಬಹಳ ಒಳ್ಳೆಯ ಸಿನಿಮಾ. ಆದರೆ ಅದರ ಕೊನೆ ದಣಿದ ಜೀವ ನಡುರಾತ್ರಿ ಒಬ್ಬಂಟಿಯಾಗಿ ನೋಡುವಂಥದ್ದಲ್ಲ.

ರಟ್ಟೆ ಹಿಡಿದು ಎಳೆದದ್ದನ್ನು ‘ಪರವಾಗಿಲ್ಲ’ ಅಂತ ನಾನು ಹೇಳುವುದಿಲ್ಲ. ವಯಸ್ಸಾದವರು ಬಿದ್ದರೆ ಸೊಂಟ ಮುರಿಯಬಹುದು. ಹಾಗಂತ ನೀವು ಕೆಟ್ಟವರಲ್ಲ, ನಿಮ್ಮ ಶಕ್ತಿ ಮುಗಿದಿದೆ. ಸಿಟ್ಟು ಏರಿದಾಗ ಅವರನ್ನು ಸುರಕ್ಷಿತವಾಗಿ ಕೂರಿಸಿ, ಐದು ನಿಮಿಷ ಹಿತ್ತಲಿಗೆ ಹೋಗಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇಷ್ಟರಲ್ಲಿ ಒಮ್ಮೆ ಅತ್ತೆಯನ್ನು ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಕರೆದೊಯ್ದು ತೋರಿಸಿ. ಜೊತೆಗೆ ನಿಮ್ಮ ಗಂಡನೂ ಬರಲಿ.

ಗಂಡನಿಗೆ ತೋರಿಸಬೇಕಾದದ್ದು 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಹೇಮಂತ್ ರಾವ್ ನಿರ್ದೇಶನ. ಅನಂತನಾಗ್ ಮರೆವಿನ ಕಾಯಿಲೆಯ ವೆಂಕೋಬರಾವ್, ರಕ್ಷಿತ್ ಶೆಟ್ಟಿ ಕೆಲಸವೇ ಸರ್ವಸ್ವ ಅಂದುಕೊಂಡ ಮಗ. ಹೊರಗೆ ಕರೆದುಕೊಂಡು ಹೋದಾಗ ಮಗನ ಅಲಕ್ಷ್ಯದಿಂದಲೇ ಅಪ್ಪ ಕಳೆದುಹೋಗುತ್ತಾರೆ. ಹುಡುಕುತ್ತ ಹೋದ ಹಾಗೆ, ತನಗೆ ಅಪ್ಪನ ಬಗ್ಗೆ ಏನೇನೂ ಗೊತ್ತಿಲ್ಲ ಅಂತ ಮಗನಿಗೆ ತಿಳಿಯುತ್ತದೆ. ನಿಮ್ಮ ಮನೆಯಲ್ಲಿ ಆ ಗಂಟಿನೊಳಗೆ ಯಾವ ಸೀರೆಗಳಿವೆ ಅಂತ ನಿಮಗೆ ಗೊತ್ತು. ಹೆತ್ತ ಮಗನಿಗೆ ಗೊತ್ತಿದೆಯಾ?

ಅವರಿಗೆ ರಜೆ ಇರುವ ದಿನ ಟಿವಿಯಲ್ಲಿ ಹಾಕಿ ಇಬ್ಬರೂ ಕೂತು ನೋಡಿ. ಅತ್ತೆಯೂ ಪಕ್ಕದಲ್ಲಿರಲಿ. ಮುಗಿದ ಮೇಲೆ ಉಪದೇಶ ಬೇಡ, ಗಂಡನಿಗೆ ಎರಡೇ ಮಾತು ಹೇಳಿ: ‘ವಾರದಲ್ಲಿ ಮೂರು ಸಂಜೆ ಅವ್ವನ ಜೊತೆ ನೀವು ಕೂರಬೇಕು. ತಿಂಗಳಿಗೆ ನಾಲ್ಕು ದಿನವಾದರೂ ನಾದಿನಿ ಬಂದಿರಬೇಕು.’ ನಾದಿನಿಗೆ ಫೋನ್ ಮಾಡುವ ಕೆಲಸವನ್ನೂ ಅವರಿಗೇ ಬಿಡಿ.